ಝಟ್ಕಾ ಬೇಲಿಗೆ ಅರ್ಧ ಜೂಲ್‌ನ ಯಂತ್ರ: ಯಾವ ಬಿಡಿಭಾಗ, ಎಷ್ಟು, ಯಾಕೆ

ಮೇಜಿನ ಮೇಲೆ ಒಂದಿಂಚು ನೀಲಿ ಕಿಡಿ ಹಾರಿಸುವ ಯಂತ್ರವನ್ನು ತೋಟದಂಚಿನ 300 ಮೀಟರ್ ತಂತಿಗೆ ಕಟ್ಟಿ ನೋಡಿ. ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಅದು ಕರುವನ್ನೂ ಹೆದರಿಸದೆ ಇರಬಹುದು. ಕಾಲಿಂಚು ಕಿಡಿಯೂ ಬಾರದ ಇನ್ನೊಂದು ಯಂತ್ರ ಅದೇ ತಂತಿಯಲ್ಲಿ ಕಾಡುಹಂದಿಯನ್ನು ಕಿರುಚಿಸಿ ಓಡಿಸುತ್ತದೆ. ಮನೆಯಲ್ಲೇ ಪಲ್ಸ್ ಯಂತ್ರ, ಅಂದರೆ ಬಿಡುವು ಬಿಟ್ಟು ಕ್ಷಣಮಾತ್ರದ ಕರೆಂಟ್ ಏಟು ಕೊಡುವ ಯಂತ್ರ, ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲೇ: ಕಿಡಿಯ ಉದ್ದ ನೋಡಿ ಬಿಡಿಭಾಗ ಆರಿಸುತ್ತಾರೆ. ಬೇಲಿಗೆ ಬೇಕಾದದ್ದು ಬರಿಯ ವೋಲ್ಟೇಜ್ ಅಲ್ಲ. ಪ್ರಾಣಿಯ ಮೈಯಂಥ ಹೊರೆ ಬಿದ್ದಾಗಲೂ ಕುಸಿಯದ ವೋಲ್ಟೇಜ್ ಬೇಕು, ಮತ್ತು ಯಾವ ಭಾಗ ಕೆಟ್ಟರೂ ಒಂದು ಮಿತಿ ಮೀರದ ಶಕ್ತಿ.

ಮಲೆನಾಡಿನಲ್ಲಿ ಐಬೆಕ್ಸ್ ಬೇಲಿ, ಬಯಲುಸೀಮೆಯಲ್ಲಿ ಸೋಲಾರ್ ಬೇಲಿ ಅಥವಾ ಝಟ್ಕಾ ಮಷಿನ್ ಎಂದು ಕರೆಯುವ ಯಂತ್ರದ ಒಳಗಿರುವುದು ಇಷ್ಟೇ. 12 ವೋಲ್ಟ್ ಬ್ಯಾಟರಿಯಿಂದ ಒಂದು ಪುಟ್ಟ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಕೆಪಾಸಿಟರನ್ನು (ವಿದ್ಯುತ್ ಕೂಡಿಡುವ ಭಾಗ) ಸುಮಾರು 320 ವೋಲ್ಟ್‌ವರೆಗೆ ನಿಧಾನವಾಗಿ ತುಂಬಿಸುತ್ತದೆ. ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿಗೊಮ್ಮೆ ಒಂದು ಎಸ್‌ಸಿಆರ್ (ಗೇಟ್ ಎಂಬ ಕಾಲಿಗೆ ತಟ್ಟಿದರೆ ತೆರೆದುಕೊಳ್ಳುವ ಸಿಲಿಕಾನ್ ಸ್ವಿಚ್) ಆ ಶಕ್ತಿಯನ್ನೆಲ್ಲ ಪಲ್ಸ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ, ಅಂದರೆ ಒಳಬರುವ ಕಡೆಯ ಸುರುಳಿಗೆ, ಒಮ್ಮೆಲೇ ಸುರಿಯುತ್ತದೆ. ಸೆಕೆಂಡರಿಯಲ್ಲಿ, ಅಂದರೆ ಹೊರಹೋಗುವ ಕಡೆಯ ಸುರುಳಿಯಲ್ಲಿ, ಹುಟ್ಟುವ ಆರು ಸಾವಿರ ವೋಲ್ಟ್‌ನ ಏಟು ತಂತಿಗೆ ಹೋಗಿ, ಪ್ರಾಣಿಯ ಮೈ ಮತ್ತು ನೆಲದ ಮೂಲಕ ಅರ್ತ್ ಸರಳಿಗೆ ಬಂದು, ಯಂತ್ರಕ್ಕೆ ಮರಳುತ್ತದೆ.

ಮೊದಲು ಗೆರೆ ಎಳೆದುಕೊಳ್ಳಿ

ಕರೆಂಟ್ ಲೈನಿನಿಂದ ಬೇಲಿಗೆ ನೇರವಾಗಿ ತಂತಿ ಎಳೆಯುವುದು ಕೊಲೆಗೆ ಸಮ. ನಡುವೆ ಬಲ್ಬ್ ಹಾಕಿದರೂ, ಡಯೋಡ್ ಹಾಕಿದರೂ ಅಷ್ಟೇ. 230 ವೋಲ್ಟ್‌ನ ತಂತಿ ಹಿಡಿದ ಕೈ ಸೆಟೆದು ಬಿಡಿಸಿಕೊಳ್ಳಲಾಗದು. ಪಲ್ಸ್ ಬೇಲಿಯಲ್ಲಿ ಏಟು ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಮುಗಿಯುತ್ತದೆ, ಮುಂದಿನ ಏಟಿನ ತನಕ ಕೈ ತೆಗೆಯಲು ಸಮಯವಿರುತ್ತದೆ. ಈ ಬಿಡುವೇ ಜೀವ ಉಳಿಸುವುದು. ಈ ಯಂತ್ರವನ್ನು ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್‌ನಿಂದ ಮಾತ್ರ ನಡೆಸಿ. ಅಗ್ಗದ ಅಡಾಪ್ಟರ್ ಒಳಗೆ ಶಾರ್ಟ್ ಆದರೆ 230 ವೋಲ್ಟ್ ಬ್ಯಾಟರಿಯ ಕಡೆಗೆ ನುಗ್ಗುತ್ತದೆ. ಅಲ್ಲಿಗೂ ಬೇಲಿಗೂ ನಡುವೆ ತಡೆಯಾಗಿ ಉಳಿಯುವುದು ನೀವು ಸುತ್ತಿದ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಒಂದೇ. ಬ್ಯಾಟರಿ ಚಾರ್ಜ್ ಮಾಡಲೇಬೇಕೆಂದರೆ ಬಿಚ್ಚಿ ಮನೆಗೆ ತಂದು ಮಾಡಿ.

ಬೇಲಿ ಯಂತ್ರಗಳಿಗೆ ಭಾರತದ ಐಎಸ್ 302-2-76 ಮತ್ತು ಅಂತರರಾಷ್ಟ್ರೀಯ ಐಇಸಿ 60335-2-76 ಎಂಬ ಮಾನದಂಡಗಳಿವೆ. ಅವುಗಳ ತಿರುಳು: 500 ಓಮ್ ಹೊರೆಗೆ ಒಂದು ಪಲ್ಸ್‌ನಲ್ಲಿ 5 ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆ) ಮೀರಬಾರದು, ಎರಡು ಪಲ್ಸ್‌ಗಳ ನಡುವೆ ಕನಿಷ್ಠ 1 ಸೆಕೆಂಡ್ ಅಂತರವಿರಬೇಕು. ಇಲ್ಲಿನ ಯಂತ್ರ ಕೂಡಿಡುವುದೇ ಅರ್ಧ ಜೂಲ್. ಕೈತೋಟ, ಕೋಳಿಗೂಡು, ಅರ್ಧ ಎಕರೆ ಗೆಣಸು, ಒಟ್ಟು ಅರ್ಧ ಕಿಲೋಮೀಟರ್ ಒಳಗಿನ ತಂತಿಗೆ ಇದು ಸಾಕು. ಅದಕ್ಕಿಂತ ಉದ್ದದ ಬೇಲಿಗೆ ಪ್ರಮಾಣಿತ ಯಂತ್ರ ಕೊಂಡು ತನ್ನಿ. ಮನೆಯಲ್ಲಿ ಜೂಲ್ ಏರಿಸುತ್ತಾ ಹೋಗುವುದು ಬೇಡ. ಆನೆಯಂತೂ ಈ ಲೆಕ್ಕದಲ್ಲೇ ಇಲ್ಲ. ಅದು ಕರೆಂಟ್ ಹರಿಯದ ದಂತದಿಂದ ಕಂಬವನ್ನೇ ಮಗುಚಿ ಒಳಗೆ ಬರುತ್ತದೆ.

ಕೆಪಾಸಿಟರ್

ಲೆಕ್ಕ ಸುಲಭ: ಕೆಪಾಸಿಟಿಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿ. 10 ಮೈಕ್ರೋಫ್ಯಾರಡ್, 320 ವೋಲ್ಟ್ ಎಂದರೆ 0.51 ಜೂಲ್.

ಬೇಕಾದದ್ದು ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್, 630 ವೋಲ್ಟ್ ಡಿಸಿ. ಡೇಟಾಶೀಟಿನಲ್ಲಿ ನೋಡಬೇಕಾದ ಅಂಕಿ ಒಂದಿದೆ, ಅಂಗಡಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ: ಮೈಕ್ರೋಸೆಕೆಂಡಿಗೆ ಎಷ್ಟು ವೋಲ್ಟ್ ಬದಲಾವಣೆಯನ್ನು ತಾಳುತ್ತದೆ ಎಂಬುದು. ಈ ಯಂತ್ರದಲ್ಲಿ ಏಟಿನ ತುದಿ ಕರೆಂಟ್ 100 ಆಂಪಿಯರ್ ಆಸುಪಾಸು. ಅದನ್ನು 10 ಮೈಕ್ರೋಫ್ಯಾರಡ್‌ನಿಂದ ಭಾಗಿಸಿದರೆ ಮೈಕ್ರೋಸೆಕೆಂಡಿಗೆ 10 ವೋಲ್ಟ್. ಅದರ ಎರಡು ಪಟ್ಟು, ಅಂದರೆ 20 ಅಥವಾ ಹೆಚ್ಚು ಇರುವುದನ್ನು ಕೊಳ್ಳಿ.

ಎಲೆಕ್ಟ್ರೋಲಿಟಿಕ್ ಬೇಡ. ಒಳಗಿನ ರೆಸಿಸ್ಟೆನ್ಸ್ ಏಟಿನ ಪಾಲು ತಿನ್ನುತ್ತದೆ, ಕಾಯುತ್ತದೆ, ಕೊನೆಗೆ ಉಬ್ಬುತ್ತದೆ. 440 ವೋಲ್ಟ್ ಎಸಿ ಮೋಟಾರ್ ಕೆಪಾಸಿಟರ್ ಊರಿನ ಅಂಗಡಿಯಲ್ಲೇ ಸಿಗುತ್ತದೆ, ಅದೂ ಪಾಲಿಪ್ರೊಪಿಲೀನೇ. 10 ಮೈಕ್ರೋಫ್ಯಾರಡ್‌ದು ಒಂದು, ಇಲ್ಲವೇ ಫ್ಯಾನಿನ 2.5 ಮೈಕ್ರೋಫ್ಯಾರಡ್‌ವು ನಾಲ್ಕು ಸಮಾನಾಂತರವಾಗಿ ಹಾಕಿದರೆ ಕೆಲಸ ನಡೆಯುತ್ತದೆ. ಆದರೆ ಅವು ನಯವಾದ 50 ಹರ್ಟ್ಜ್‌ಗೆ ಹುಟ್ಟಿದವು. ಏಟಿನ ಮೇಲೆ ಏಟು ಬಿದ್ದಂತೆ ಒಳಗೆ ಫಿಲ್ಮಿನ ಅಂಚಿಗೂ ತುದಿಯ ಲೋಹದ ಲೇಪಕ್ಕೂ ಇರುವ ಸಂಪರ್ಕ ಸವೆಯುತ್ತದೆ, ಕೆಪಾಸಿಟಿ ಸದ್ದಿಲ್ಲದೆ ಇಳಿಯುತ್ತದೆ. ಯಂತ್ರ ಟಕ್ ಟಕ್ ಎನ್ನುತ್ತಲೇ ಇರುತ್ತದೆ, ಹಂದಿ ಮಾತ್ರ ಒಳಗೆ ಬಂದಿರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಅಳೆಯಿರಿ. 8 ಮೈಕ್ರೋಫ್ಯಾರಡ್‌ಗಿಂತ ಕೆಳಗಿಳಿದಿದ್ದರೆ ಬದಲಿಸಿ.

ಕೆಪಾಸಿಟರಿಗೆ ಅಡ್ಡಲಾಗಿ ಶಾಶ್ವತವಾಗಿ 1 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸಾಲಾಗಿ ಹಾಕಿ. ಎರಡು ಯಾಕೆಂದರೆ ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ ತಾಳುವುದು 250 ವೋಲ್ಟ್ ಅಷ್ಟೇ. ವ್ಯಾಟ್ ಸಾಕಾದರೂ ವೋಲ್ಟ್ ಸಾಲದು. ಸ್ವಿಚ್ ತೆಗೆದ ಮೇಲೆ 30 ವೋಲ್ಟ್‌ಗೆ ಇಳಿಯಲು ಇದರಿಂದ 50 ಸೆಕೆಂಡ್‌ನಷ್ಟು ಬೇಕು. ಎರಡು ನಿಮಿಷ ಕಾಯಿರಿ. ಆಮೇಲೂ 1 ಕಿಲೋಓಮ್, 5 ವ್ಯಾಟ್ ವೈರ್‌ವೌಂಡ್ ರೆಸಿಸ್ಟರನ್ನು ಪ್ಲಾಸ್ಟಿಕ್ ಹಿಡಿಗೆ ಕಟ್ಟಿಕೊಂಡು ಮುಟ್ಟಿಸಿ, ಮೀಟರಿನಲ್ಲಿ ನೋಡಿ, ನಂತರ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬಿಡಿ, ಆ ಏಟು ಕೆಪಾಸಿಟರಿನ ಒಳಸಂಪರ್ಕಕ್ಕೂ ಬೀಳುತ್ತದೆ.

ಎಸ್‌ಸಿಆರ್ ಮತ್ತು ಅದರ ಜೊತೆಯ ಡಯೋಡ್

ಹಳೆಯ ಸರ್ಕ್ಯೂಟ್‌ಗಳಲ್ಲಿ ಬಿಟಿ151 ಹೆಚ್ಚಾಗಿ ಕಾಣುತ್ತದೆ. ಬಿಟಿ152-800ಆರ್ ಹಾಕಿ. 151 ತಾಳುವ ಕರೆಂಟ್ ಏರಿಕೆಯ ವೇಗ ಮೈಕ್ರೋಸೆಕೆಂಡಿಗೆ 50 ಆಂಪಿಯರ್, 152ರದ್ದು 200. ತೇವದ ಹುಲ್ಲು ಬೇಲಿಯನ್ನು ಪೂರ್ತಿ ಹಿಡಿದಾಗ ತುದಿ ಕರೆಂಟ್ 100 ಆಂಪಿಯರ್ ದಾಟುತ್ತದೆ, ಅಲ್ಲಿ 151ಕ್ಕೆ ಉಸಿರಾಡಲು ಜಾಗ ಕಡಿಮೆ. 600 ವೋಲ್ಟ್‌ದು ಸಿಕ್ಕಿದರೂ 800ರದ್ದೇ ಇರಲಿ. ದೂರದಲ್ಲಿ ಸಿಡಿಲು ಬಡಿದಾಗ ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ ಬರುವ ಏಟಿಗೆ ಅದು ತುಸು ಕಾವಲು.

ಬೆಂಗಳೂರಿನ ಎಸ್‌ಪಿ ರೋಡಾಗಲಿ, ಆನ್‌ಲೈನ್ ಆಗಲಿ, ಮೇಲಿನ ಅಕ್ಷರ ಉಜ್ಜಿ ಮತ್ತೆ ಅಚ್ಚೊತ್ತಿದ ಸರಕು ಬರುವುದುಂಟು. ಪರೀಕ್ಷೆ ಸರಳ: ಗೇಟನ್ನು ಕ್ಯಾಥೋಡಿಗೆ ಕಟ್ಟಿ, 100 ಕಿಲೋಓಮ್ ರೆಸಿಸ್ಟರ್ ಮೂಲಕ ಆನೋಡಿಗೆ 320 ವೋಲ್ಟ್ ಕೊಡಿ. ರೆಸಿಸ್ಟರಿಗೆ ಅಡ್ಡಲಾಗಿ 10 ವೋಲ್ಟ್‌ಗಿಂತ ಹೆಚ್ಚು ಕಂಡರೆ ಸೋರಿಕೆ ಇದೆ ಎಂದರ್ಥ, ಅದನ್ನು ಪಕ್ಕಕ್ಕಿಡಿ.

ಗೇಟ್ ಮತ್ತು ಕ್ಯಾಥೋಡ್ ನಡುವೆ 1 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಇರಲಿ, ಕಾಲಿನ ಬುಡದಲ್ಲೇ. ಇಲ್ಲದಿದ್ದರೆ ತನ್ನದೇ ಏಟಿನ ಪ್ರತಿಧ್ವನಿಗೆ ಎಸ್‌ಸಿಆರ್ ಮತ್ತೆ ಸಿಡಿಯುತ್ತದೆ. ಗೇಟಿಗೆ ಕೊಡುವ ಏಟು ಸೋಮಾರಿಯಾಗಬಾರದು: 2ಎನ್2907 ಟ್ರಾನ್ಸಿಸ್ಟರ್ ಮೂಲಕ, 56 ಓಮ್ ರೆಸಿಸ್ಟರ್ ಹಾಕಿ, 100 ಮೈಕ್ರೋಸೆಕೆಂಡ್ ಹೊತ್ತು 200 ಮಿಲಿಆಂಪಿಯರ್ ಹತ್ತಿರ. ಮೆಲ್ಲನೆ ಗೇಟ್ ತಟ್ಟಿದರೆ ಸಿಲಿಕಾನ್ ತುಂಡಿನ ಒಂದು ಮೂಲೆ ಮಾತ್ರ ತೆರೆದು, ಪೂರ್ತಿ ಕರೆಂಟ್ ಆ ಮೂಲೆಯಲ್ಲೇ ಹರಿದು ಸುಡುತ್ತದೆ.

ಎಸ್‌ಸಿಆರಿಗೆ ಎದುರುಮುಖವಾಗಿ ಒಂದು ಡಯೋಡ್ ಬೇಕು. ಕೆಪಾಸಿಟರ್ ಖಾಲಿಯಾದ ಮೇಲೆ ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಸುರುಳಿ ಒಡ್ಡುವ ಜಡತೆ) ಅದನ್ನು ತಿರುಗುಮುರುಗಾಗಿ ತುಂಬಿಸುತ್ತದೆ, ಆ ಕರೆಂಟಿಗೆ ದಾರಿ ಬೇಕಲ್ಲ. ಕೈಗೆ ಸಿಕ್ಕಿತೆಂದು 1ಎನ್4007 ಹಾಕಬೇಡಿ, ಅದರ ಸರ್ಜ್ (ಕ್ಷಣಕಾಲದ ಕರೆಂಟ್) ಮಿತಿ 30 ಆಂಪಿಯರ್. ಯುಎಫ್5408 ಹಾಕಿ: 1000 ವೋಲ್ಟ್, ಸರ್ಜ್ 150 ಆಂಪಿಯರ್, ವೇಗವೂ ಇದೆ.

ಪಲ್ಸ್ ಟ್ರಾನ್ಸ್‌ಫಾರ್ಮರ್: ಇಲ್ಲೇ ಗೆಲುವು, ಇಲ್ಲೇ ಸೋಲು

ಕಾರು, ಬೈಕಿನ ಇಗ್ನಿಷನ್ ಕಾಯಿಲ್ ಹಾಕಿ ಬೇಲಿ ಮಾಡಿದವರು ಪ್ರತಿ ತಾಲ್ಲೂಕಿನಲ್ಲೂ ಸಿಕ್ಕಾರು. ಸುಲಭ, ಅಗ್ಗ, ಕಿಡಿಯಂತೂ ಭರ್ಜರಿ. ಆದರೆ ಕಾರಿನ ಕಾಯಿಲಿನ ಸೆಕೆಂಡರಿ ರೆಸಿಸ್ಟೆನ್ಸೇ 8ರಿಂದ 10 ಕಿಲೋಓಮ್. ಪ್ರಾಣಿಯ ಮೈ 500 ಓಮ್ ಎಂದುಕೊಂಡರೆ, ಹುಟ್ಟಿದ ವೋಲ್ಟೇಜಿನ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಪ್ರಾಣಿಗೆ, ಉಳಿದದ್ದು ಕಾಯಿಲಿನೊಳಗೇ ಸುಟ್ಟುಹೋಗುತ್ತದೆ. ತಂತಿಗೆ ತನ್ನದೇ ಹಸಿವೂ ಇದೆ: ನೆಲದಿಂದ ಮೊಳ ಎರಡು ಮೊಳ ಎತ್ತರದ ಒಂದು ಎಳೆ ತಂತಿ ಕಿಲೋಮೀಟರಿಗೆ 7-8 ನ್ಯಾನೋಫ್ಯಾರಡ್ ಕೆಪಾಸಿಟರಿನಂತೆ ವರ್ತಿಸುತ್ತದೆ. ಅದನ್ನು 6 ಕಿಲೋವೋಲ್ಟ್‌ಗೆ ತುಂಬಿಸಲೇ 0.14 ಜೂಲ್ ಬೇಕು. ಇನ್ನೊಂದು ತೊಂದರೆ ಇನ್ನೂ ಕೆಟ್ಟದ್ದು. ಹಲವು ಕಾಯಿಲುಗಳಲ್ಲಿ ಪ್ರೈಮರಿಯ ಒಂದು ತುದಿಯೂ ಸೆಕೆಂಡರಿಯ ಒಂದು ತುದಿಯೂ ಒಳಗೆ ಸೇರಿಕೊಂಡಿರುತ್ತವೆ, ಬ್ಯಾಟರಿಗೂ ಬೇಲಿಗೂ ಬೇರ್ಪಡೆಯೇ ಇರುವುದಿಲ್ಲ.

ಆದ್ದರಿಂದ ಸುತ್ತಿಕೊಳ್ಳಿ, ಅಥವಾ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಲೆಕ್ಕ ಬರೆದುಕೊಟ್ಟು ಸುತ್ತಿಸಿ. ನಡುವಿನ ಕಾಲು 25 ಮಿಲಿಮೀಟರ್ ಅಗಲ, ಅಟ್ಟಿ 25 ಮಿಲಿಮೀಟರ್ ದಪ್ಪ ಬರುವ ಇ-ಐ ಪತ್ತಿಗಳು (ಇಂಗ್ಲಿಷಿನ E ಮತ್ತು I ಆಕಾರದ ಸಿಲಿಕಾನ್ ಸ್ಟೀಲ್ ತಗಡುಗಳು) ಬೇಕು. ಹಳೆ ಸ್ಟೆಬಿಲೈಸರಿನ ಪತ್ತಿ ಆಗುತ್ತದೆ, ತುಕ್ಕು ಹಿಡಿದಿರಬಾರದು. 0.5 ಮಿಲಿಮೀಟರಿಗಿಂತ 0.35 ದಪ್ಪದ್ದು ಮೇಲು. ಪ್ರೈಮರಿ 60 ಸುತ್ತು, 22 ಗೇಜ್. ಸೆಕೆಂಡರಿ 1200 ಸುತ್ತು, 34 ಗೇಜ್. ಅನುಪಾತ 1:20, ಹೊರೆ ಇಲ್ಲದಾಗ ಸುಮಾರು 6.4 ಕಿಲೋವೋಲ್ಟ್. ಪ್ರೈಮರಿಯ ರೆಸಿಸ್ಟೆನ್ಸ್ ಅರ್ಧ ಓಮ್ ಒಳಗೆ, ಸೆಕೆಂಡರಿಯದು 80 ಓಮ್ ಆಸುಪಾಸು ಬರಬೇಕು. ಇಗ್ನಿಷನ್ ಕಾಯಿಲಿನ 8000ಕ್ಕೆ ಎದುರಾಗಿ ಈ 80 ಇಟ್ಟು ನೋಡಿದರೆ ವಿಷಯ ತಿಳಿಯುತ್ತದೆ.

ಫೆರೈಟ್ ಕೋರ್ ಯಾಕೆ ಬೇಡ? 320 ವೋಲ್ಟ್ 150 ಮೈಕ್ರೋಸೆಕೆಂಡ್ ನಿಂತರೆ, 60 ಸುತ್ತಿಗೆ ಈ ಕೋರಿನಲ್ಲಿ ಸುಮಾರು 1.3 ಟೆಸ್ಲಾ ಏರುತ್ತದೆ. ಸಿಲಿಕಾನ್ ಸ್ಟೀಲ್ ಅದನ್ನು ತಾಳುತ್ತದೆ. ಫೆರೈಟ್ 0.4ರ ಒಳಗೇ ತುಂಬಿ ತುಳುಕಿ ಬರಿಯ ತಂತಿಯಾಗಿಬಿಡುತ್ತದೆ, ಮಿಕ್ಕ ಏಟೆಲ್ಲ ಎಸ್‌ಸಿಆರ್ ತಲೆಗೆ. ಪಲ್ಸ್ ಸದಾ ಒಂದೇ ದಿಕ್ಕಿನದಾದ್ದರಿಂದ ಕೋರಿನಲ್ಲಿ ಕಾಂತತ್ವ ಸ್ವಲ್ಪ ಉಳಿದುಬಿಡುತ್ತದೆ. ಹಾಗಾಗಿ ಇ ಎಲ್ಲ ಒಂದು ಕಡೆ, ಐ ಎಲ್ಲ ಇನ್ನೊಂದು ಕಡೆ ಜೋಡಿಸಿ, ನಡುವೆ 0.1 ಮಿಲಿಮೀಟರ್ ಕಾಗದ ಇಡಿ. ರಿವೈಂಡಿಂಗ್‌ನವರು ರೂಢಿಯಂತೆ ಅದಲುಬದಲಾಗಿ ಹೆಣೆದುಕೊಡುತ್ತಾರೆ, ಮೊದಲೇ ಹೇಳಿ.

ಸುತ್ತುವಾಗಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಅಕ್ಕಪಕ್ಕದ ಎರಡು ಸುತ್ತಿನ ನಡುವೆ ಇರುವುದು 5 ವೋಲ್ಟ್ ಚಿಲ್ಲರೆ, ಎನಾಮಲ್ ಸಾಕು. ಆದರೆ ಒಂದು ಪದರಕ್ಕೆ 100 ಸುತ್ತು ಹಿಡಿದರೆ, ಪದರದ ಆರಂಭದ ಸುತ್ತೂ ಅದರ ನೆತ್ತಿಯ ಮೇಲೆ ಬಂದು ಕೂರುವ ಮೇಲಿನ ಪದರದ ಕೊನೆಯ ಸುತ್ತೂ ಸಾವಿರ ವೋಲ್ಟ್ ಅಂತರದಲ್ಲಿರುತ್ತವೆ. ಎನಾಮಲ್ ಅಲ್ಲೇ ತೂತಾಗುವುದು. ಪ್ರತಿ ಪದರದ ನಡುವೆ ಮೈಲಾರ್ (ತೆಳು ಪ್ಲಾಸ್ಟಿಕ್) ಹಾಳೆ ಎರಡು ಸುತ್ತು ಹಾಕಿ, ಅಂಚಿನಲ್ಲಿ ಎರಡೂ ಕಡೆ 4-5 ಮಿಲಿಮೀಟರ್ ಖಾಲಿ ಬಿಡಿ. ಇದಕ್ಕಿಂತ ಒಳ್ಳೆಯದು ನಾಲ್ಕು ಖಾನೆಯ ಬಾಬಿನ್, ಖಾನೆಗೆ 300 ಸುತ್ತು. ಆಗ ಒಂದು ಖಾನೆಗೆ ಬೀಳುವುದು 1600 ವೋಲ್ಟ್ ಮಾತ್ರ. ಪ್ರೈಮರಿಗೂ ಸೆಕೆಂಡರಿಗೂ ನಡುವೆ ಲೆದರಾಯ್ಡ್ ಪೇಪರ್ (ದಪ್ಪ ಇನ್ಸುಲೇಷನ್ ಕಾಗದ), ಅದರ ಮೇಲೆ ಮೈಲಾರ್ ನಾಲ್ಕು ಸುತ್ತು. ತುದಿ ತಂತಿಗಳಿಗೆ ಸ್ಲೀವ್ ಹಾಕದೆ ಹೊರಗೆ ತರಬೇಡಿ. ಕೊನೆಗೆ ಬಿಸಿ ಮಾಡಿ ತೇವ ಓಡಿಸಿ, ವಾರ್ನಿಶ್‌ನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೂ ಬಿಟ್ಟು, ಒಣಗಿಸಿ. ಒಳಗುಳಿದ ಗಾಳಿಗುಳ್ಳೆಯಲ್ಲಿ ಪ್ರತಿ ಏಟಿಗೂ ಕಣ್ಣಿಗೆ ಕಾಣದ ಸಣ್ಣ ವಿಸರ್ಜನೆ ನಡೆದು ಮೈಲಾರನ್ನು ಕೊರೆಯುತ್ತದೆ. ಮೂರು ತಿಂಗಳು ಚೆನ್ನಾಗಿದ್ದು ನಾಲ್ಕನೆಯದರಲ್ಲಿ ಸಾಯುವ ಯಂತ್ರಗಳ ರೋಗ ಹೆಚ್ಚಾಗಿ ಇದೇ.

ತುಂಬಿಸುವ ಕನ್ವರ್ಟರ್

12-0-12 ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಹಾಕುವ ಹಳೆಯ ಉಪಾಯ ನಡೆಯುತ್ತದೆ, ಬ್ಯಾಟರಿಯನ್ನು ಮಾತ್ರ ಕುಡಿದುಬಿಡುತ್ತದೆ. ಕೆಪಾಸಿಟರ್ ಖಾಲಿ ಇದ್ದಾಗ ಕನ್ವರ್ಟರಿಗೆ ಅದು ಶಾರ್ಟ್ ಸರ್ಕ್ಯೂಟ್‌ನಂತೆ ಕಾಣುವುದರಿಂದ, ಅದನ್ನು ಸಹಜವಾಗಿ ಸಹಿಸುವ ಫ್ಲೈಬ್ಯಾಕ್ ಬಗೆಯೇ (ಮೊದಲು ಕೋರಿನಲ್ಲಿ ಶಕ್ತಿ ಕೂಡಿಟ್ಟು ಆಮೇಲೆ ಹೊರಗೆ ಬಿಡುವುದು) ಇಲ್ಲಿಗೆ ಸರಿ. ಕನ್ವರ್ಟರನ್ನು ನಡೆಸಲು ಯುಸಿ3843 ಐಸಿ, ಇಇ19 ಫೆರೈಟ್ ಕೋರ್, ಪ್ರೈಮರಿ 12 ಸುತ್ತು, ಸೆಕೆಂಡರಿ 120. ಪ್ರೈಮರಿ ಇಂಡಕ್ಟೆನ್ಸ್ 40 ಮೈಕ್ರೋಹೆನ್ರಿ ಬರುವಂತೆ ಗ್ಯಾಪ್ ಹೊಂದಿಸಿ. ಆವರ್ತನ 50 ಕಿಲೋಹರ್ಟ್ಜ್, ಕರೆಂಟ್ ಸೆನ್ಸ್ ರೆಸಿಸ್ಟರ್ 1 ಓಮ್. ಆಗ ತುದಿ ಕರೆಂಟ್ 1 ಆಂಪಿಯರ್‌ಗೆ ನಿಲ್ಲುತ್ತದೆ, ಬ್ಯಾಟರಿಯಿಂದ ಎಳೆಯುವುದು 1 ವ್ಯಾಟ್, ಕೆಪಾಸಿಟರಿಗೆ ತಲುಪುವುದು 0.7 ವ್ಯಾಟ್ ಹತ್ತಿರ. ಅರ್ಧ ಜೂಲ್ ತುಂಬಲು ಮುಕ್ಕಾಲು ಸೆಕೆಂಡ್.

ಈ ಅಂಕಿಗಳನ್ನು ಚಿಕ್ಕದಾಗಿ ಇಟ್ಟದ್ದು ಜಿಪುಣತನದಿಂದಲ್ಲ. ನಾಳೆ ಟೈಮರ್ ಕೆಟ್ಟು ಸೆಕೆಂಡಿಗೆ ಹತ್ತು ಸಲ ಹೊಡೆಯತೊಡಗಿದರೆ, ಕನ್ವರ್ಟರ್ ಸೆಕೆಂಡಿಗೆ 0.7 ಜೂಲ್‌ಗಿಂತ ಹೆಚ್ಚು ಕೊಡಲಾರದು, ಒಂದೊಂದು ಏಟಿಗೆ 0.07 ಸಿಕ್ಕೀತು. ಟೈಮರ್ ಒಂದು ಬೀಗ, ಕನ್ವರ್ಟರಿನ ದುರ್ಬಲತೆ ಎರಡನೆಯ ಬೀಗ. "ಬೇಗ ಚಾರ್ಜ್ ಆಗಲಿ" ಎಂದು ಸೆನ್ಸ್ ರೆಸಿಸ್ಟರನ್ನು 0.1 ಓಮ್ ಮಾಡುವವರು ಎರಡನೆಯ ಬೀಗ ಕಿತ್ತಂತೆ.

ಪ್ರೈಮರಿಯನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಐಆರ್‌ಎಫ್540, 100 ವೋಲ್ಟ್. ಡ್ರಾಯರಿನಲ್ಲಿ ಬಿದ್ದಿರುವ ಐಆರ್‌ಎಫ್‌ಝಡ್44 ಬೇಡ. ಹೊರಗಿನ 320 ವೋಲ್ಟ್ ಒಳಕ್ಕೆ 32 ಆಗಿ ಕಾಣುತ್ತದೆ, ಬ್ಯಾಟರಿಯ 12 ಸೇರಿ 44, ಮೇಲೆ ಸೋರಿಕೆ ಇಂಡಕ್ಟೆನ್ಸಿನ ಮೊನೆ. 55 ವೋಲ್ಟ್‌ನ ಆ ಮಾಸ್‌ಫೆಟ್ ಬದುಕುವುದಿಲ್ಲ. ಹೊರಗಿನ ಡಯೋಡ್ ಯುಎಫ್4007. ಹೆಸರು ಹೋಲುವ 1ಎನ್4007 ಈ ವೇಗಕ್ಕೆ ಮುಚ್ಚಿಕೊಳ್ಳಲಾರದೆ ಬೆರಳು ಇಡಲಾಗದಷ್ಟು ಕಾಯುತ್ತದೆ.

ವೋಲ್ಟೇಜ್ ಹಿಡಿದಿಡಲು 430 ಕಿಲೋಓಮ್ ಮೂರು ಸಾಲಾಗಿ, ಕೆಳಗೆ 10 ಕಿಲೋಓಮ್, ನಡುವಿನ ಬಿಂದು ಐಸಿಯ ಫೀಡ್‌ಬ್ಯಾಕ್ ಕಾಲಿಗೆ. 325 ವೋಲ್ಟ್‌ಗೆ ನಿಲ್ಲುತ್ತದೆ. ಆ ಸಾಲಿನಲ್ಲಿ ಒಂದು ಬೆಸುಗೆ ಬಿಟ್ಟರೂ ಐಸಿಗೆ ವೋಲ್ಟೇಜೇ ಕಾಣದೆ ಅದು ಏರಿಸುತ್ತಲೇ ಹೋಗುತ್ತದೆ. ಅದಕ್ಕೆ ಪಿ6ಕೆಇ200ಎ ಎಂಬ ವೋಲ್ಟೇಜ್ ತಡೆಯುವ ಡಯೋಡ್ ಎರಡನ್ನು ಸಾಲಾಗಿ ಕೆಪಾಸಿಟರಿಗೆ ಅಡ್ಡ ಹಾಕಿ. 400 ವೋಲ್ಟ್ ಸುತ್ತಮುತ್ತ ಅವು ತೆರೆದುಕೊಂಡು ಮುಕ್ಕಾಲು ವ್ಯಾಟನ್ನು ಆರಾಮಾಗಿ ನುಂಗುತ್ತವೆ.

ಟೈಮರ್, ಮತ್ತು ಮಧ್ಯಾಹ್ನ ನಿಲ್ಲುವ ಯಂತ್ರ

ಬೆಳಿಗ್ಗೆ ಸರಿಯಾಗಿ ಬಡಿಯುತ್ತಿದ್ದ ಯಂತ್ರ ಹನ್ನೆರಡು ಗಂಟೆ ಬಿಸಿಲಿಗೆ ಒಂದೇ ಏಟು ಹೊಡೆದು ಸುಮ್ಮನಾಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಒಂದೇ ಏಟು. ಸಂಜೆ ತಾನಾಗಿ ಸರಿಹೋಗುತ್ತದೆ. ಎಸ್‌ಸಿಆರ್ ಒಮ್ಮೆ ತೆರೆದುಕೊಂಡರೆ ಅದರ ಹೋಲ್ಡಿಂಗ್ ಕರೆಂಟಿಗಿಂತ (ತೆರೆದೇ ಇರಲು ಬೇಕಾದ ಕನಿಷ್ಠ ಕರೆಂಟ್) ಕೆಳಗೆ ಇಳಿಯುವ ತನಕ ಮುಚ್ಚಿಕೊಳ್ಳುವುದಿಲ್ಲ. ಏಟಿನ ನಂತರವೂ ಕನ್ವರ್ಟರ್ ಹತ್ತಾರು ಮಿಲಿಆಂಪಿಯರ್ ತಳ್ಳುತ್ತಲೇ ಇರುತ್ತದೆ. ಬಿಸಿಯೇರಿದಂತೆ ಹೋಲ್ಡಿಂಗ್ ಕರೆಂಟ್ ಇಳಿಯುತ್ತದೆ, ಬೆಳಿಗ್ಗೆ ಸಾಲದಿದ್ದ ಕರೆಂಟ್ ಮಧ್ಯಾಹ್ನ ಸಾಕಾಗಿಬಿಡುತ್ತದೆ. ಎಸ್‌ಸಿಆರ್ ಬದಲಿಸಿ ಫಲವಿಲ್ಲ. ಏಟಿನ ಹೊತ್ತಿಗೆ ಕನ್ವರ್ಟರನ್ನು ನಿಲ್ಲಿಸಬೇಕು.

ಒಂದೇ ಟೈಮರ್ ಎರಡೂ ಕೆಲಸ ಮಾಡುತ್ತದೆ. ಸಿಮಾಸ್ (ಕಡಿಮೆ ಕರೆಂಟ್ ಕುಡಿಯುವ) ಬಗೆಯ 555 ಟೈಮರ್ ಐಸಿ, ಅಂದರೆ 7555 ಅಥವಾ ಟಿಎಲ್‌ಸಿ555. ಮೇಲಿನ ರೆಸಿಸ್ಟರ್ 1.5 ಮೆಗಾಓಮ್, ಕೆಳಗಿನದು 180 ಕಿಲೋಓಮ್, ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಫಿಲ್ಮ್. ಒಂದು ಸುತ್ತು 1.29 ಸೆಕೆಂಡ್, ಅದರಲ್ಲಿ 0.125 ಸೆಕೆಂಡ್ ಔಟ್‌ಪುಟ್ ಕೆಳಗಿರುತ್ತದೆ. ಕೆಳಗಿಳಿಯುವ ಕ್ಷಣವನ್ನು 100 ನ್ಯಾನೋಫ್ಯಾರಡ್ ಮತ್ತು 1 ಕಿಲೋಓಮ್ ಮೂಲಕ 2ಎನ್2907ರ ಬೇಸಿಗೆ ಕೊಡಿ, ಬೇಸಿನಿಂದ ಎಮಿಟರಿಗೆ 10 ಕಿಲೋಓಮ್ ಇರಲಿ. ಅದೇ ಔಟ್‌ಪುಟ್ಟಿನಿಂದ ಯುಸಿ3843ರ 1ನೇ ಕಾಲಿಗೆ ಒಂದು 1ಎನ್4148 ಡಯೋಡ್, ಕ್ಯಾಥೋಡ್ 555ರ ಕಡೆಗೆ. ಔಟ್‌ಪುಟ್ ಕೆಳಗಿರುವಷ್ಟು ಹೊತ್ತು ಕನ್ವರ್ಟರ್ ಬಾಯಿ ಮುಚ್ಚಿರುತ್ತದೆ. ಒಂದು ಡಯೋಡಿಗೆ ಮಧ್ಯಾಹ್ನದ ರೋಗ ವಾಸಿ.

ಇಲ್ಲಿ 1 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಹಾಕಿದರೆ ಬಿಸಿಲಿಗೆ ಒಣಗಿ ಕೆಪಾಸಿಟಿ ಇಳಿದು ಅಂತರ 1 ಸೆಕೆಂಡಿಗಿಂತ ಕಡಿಮೆಯಾದೀತು. ಮೈಕ್ರೋಕಂಟ್ರೋಲರ್ ಬಳಸುವವರೂ ಗೇಟಿಗೆ ಹೋಗುವ ದಾರಿಯಲ್ಲಿ ಆ 100 ನ್ಯಾನೋಫ್ಯಾರಡ್ ಉಳಿಸಿಕೊಳ್ಳಿ. ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ಕಾಲು ಹಾಗೇ ನಿಂತರೂ ಗೇಟಿಗೆ ಒಂದು ಏಟಿಗಿಂತ ಹೆಚ್ಚು ಹೋಗುವುದಿಲ್ಲ.

ಬ್ಯಾಟರಿ, ಪೆಟ್ಟಿಗೆ, ನೆಲ

ಒಟ್ಟು ಬಳಕೆ 80 ಮಿಲಿಆಂಪಿಯರ್ ಹತ್ತಿರ, ದಿನಕ್ಕೆ 2 ಆಂಪಿಯರ್-ಗಂಟೆಯೊಳಗೆ. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಗಂಟೆ ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಬಳಸಿದರೆ ಬಿಸಿಲಿಲ್ಲದೆ ಒಂದೂಮುಕ್ಕಾಲು ದಿನ ನಡೆದೀತು. ಬಯಲುಸೀಮೆಯಲ್ಲಿ 10 ವ್ಯಾಟ್ ಪ್ಯಾನೆಲ್ ಸಾಕು. ಆಗುಂಬೆ, ಸಕಲೇಶಪುರದ ಕಡೆ ಆಷಾಢದ ಮೋಡಕ್ಕೆ 20 ವ್ಯಾಟ್ ಹಾಕಿದರೂ ಕೆಲವು ವಾರ ತಿಣುಕಾಡುತ್ತದೆ. ಬ್ಯಾಟರಿಯ ಪ್ಲಸ್ ತಂತಿಯಲ್ಲಿ 1 ಆಂಪಿಯರ್ ಫ್ಯೂಸ್ ಮರೆಯಬೇಡಿ.

ಪೆಟ್ಟಿಗೆ ಪ್ಲಾಸ್ಟಿಕ್‌ದು, ರಬ್ಬರ್ ಅಂಚಿನದು. ಹೊರಗಿನ ಎರಡು ಟರ್ಮಿನಲ್ ನಡುವೆ ಕನಿಷ್ಠ 25 ಮಿಲಿಮೀಟರ್. ತಂತಿ ಬರುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ. ಮಳೆಗಿಂತ ಹೆಚ್ಚು ಬೋರ್ಡು ಕೆಡಿಸುವುದು ಇರುವೆ ಮತ್ತು ಹಲ್ಲಿ. ಬೆಚ್ಚಗಿನ ಜಾಗ ಹುಡುಕಿ ಬಂದ ಹಲ್ಲಿ 320 ವೋಲ್ಟ್‌ನ ಎರಡು ಬೆಸುಗೆಗಳ ಮೇಲೆ ಅಂಗಾತ ಬೀಳುತ್ತದೆ. ಬೋರ್ಡಿಗೆ ವಾರ್ನಿಶ್ ಬಳಿಯಿರಿ. ಬೇಲಿ ಟರ್ಮಿನಲ್ಲಿಗೂ ಅರ್ತಿಗೂ ನಡುವೆ ತಲೆ ಉರುಟಾದ ಎರಡು ಹಿತ್ತಾಳೆ ಬೋಲ್ಟು, ಗ್ಯಾಪ್ 4 ಮಿಲಿಮೀಟರ್: ಸಿಡಿಲಿನ ಸಣ್ಣ ಪಾಲಿಗೆ ದಾರಿ. ನೇರ ಬಡಿದರೆ ಇದರಿಂದ ಏನೂ ಆಗದು, ಗುಡುಗು ಕೇಳಿದಾಗ ಬೇಲಿ ತಂತಿ ಬಿಚ್ಚಿಡುವುದೇ ಸರಿ.

ಅರ್ತ್ ಅರ್ಧ ಯಂತ್ರವೇ. ನಾಲ್ಕರಿಂದ ಐದು ಅಡಿಯ ಜಿಐ ಸರಳು ಮೂರು, ಹತ್ತಡಿ ಅಂತರದಲ್ಲಿ, ಸಾಧ್ಯವಾದರೆ ಬಚ್ಚಲ ನೀರು ಹರಿಯುವ ಕಡೆ. ಮನೆಯ ಅರ್ತಿಂಗಿನಿಂದ ಕನಿಷ್ಠ 10 ಮೀಟರ್ ದೂರವಿರಲಿ, ಇಲ್ಲದಿದ್ದರೆ ಬಚ್ಚಲಿನ ನಲ್ಲಿಯಲ್ಲಿ ಜುಮ್ಮೆನ್ನುತ್ತದೆ. ಮುಳ್ಳುತಂತಿಗೆ ಎಂದೂ ಪಲ್ಸ್ ಕೊಡಬೇಡಿ, ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದೆ ಏಟು ತಿನ್ನುತ್ತಲೇ ಇರುತ್ತದೆ. ಒಂದೇ ತಂತಿಗೆ ಎರಡು ಯಂತ್ರವೂ ಬೇಡ, ಬಿಡುವಿನ ಲೆಕ್ಕವೇ ಕೆಡುತ್ತದೆ. ಹಂದಿಗೆ ನೆಲದಿಂದ 20 ಮತ್ತು 45 ಸೆಂಟಿಮೀಟರಿನಲ್ಲಿ ಎರಡು ಎಳೆ. ದಾರಿ ಬದಿಯಲ್ಲಿ 10 x 20 ಸೆಂಟಿಮೀಟರಿಗಿಂತ ಚಿಕ್ಕದಲ್ಲದ ಹಳದಿ ಫಲಕ, ಎರಡೂ ಬದಿಗೆ ಓದುವಂತೆ.

ಬೇಲಿಗೆ ಕಟ್ಟುವ ಮೊದಲು

ಮೊದಲು ಕನ್ವರ್ಟರನ್ನು ಮಾತ್ರ ನಡೆಸಿ 325 ವೋಲ್ಟ್‌ಗೆ ನಿಲ್ಲುತ್ತದೆಯೇ ನೋಡಿ. ಆಮೇಲೆ ಫೀಡ್‌ಬ್ಯಾಕ್ ಸಾಲಿನ ಒಂದು ಕಾಲು ಬೇಕೆಂದೇ ಬಿಡಿಸಿ, 400ರ ಸುತ್ತ ತಡೆ ಬೀಳುತ್ತದೆಯೇ ಪರೀಕ್ಷಿಸಿ. ಈ ಎರಡನೆಯದನ್ನು ಮಾಡದವರೇ ಹೆಚ್ಚು. ನಂತರ 47 ಓಮ್, 2 ವ್ಯಾಟ್ ಕಾರ್ಬನ್ ರೆಸಿಸ್ಟರ್ ಹತ್ತನ್ನು ಸಾಲಾಗಿ ಬೆಸೆದು ಹೊರಗಿನ ಟರ್ಮಿನಲ್ಲಿಗೆ ಕಟ್ಟಿ. ಅದೇ ನಿಮ್ಮ ನಕಲಿ ಪ್ರಾಣಿ. ವೈರ್‌ವೌಂಡ್ ಹಾಕಿದರೆ ಅದರ ಇಂಡಕ್ಟೆನ್ಸ್ ಸುಳ್ಳು ಹೇಳುತ್ತದೆ. ಬೇಲಿ ಟೆಸ್ಟರಿನಲ್ಲಿ ಎರಡೂವರೆ ಕಿಲೋವೋಲ್ಟ್ ಆಸುಪಾಸು ಬಂದರೆ ಟ್ರಾನ್ಸ್‌ಫಾರ್ಮರ್ ಗೆದ್ದಿದೆ. ಒಂದರ ಕೆಳಗೆ ಬಂದರೆ ಸೆಕೆಂಡರಿಯಲ್ಲಿ ಎಲ್ಲೋ ಸುತ್ತು ಸುತ್ತಿಗೆ ಶಾರ್ಟ್ ಆಗಿದೆ. ಸಾಮಾನ್ಯ ಮಲ್ಟಿಮೀಟರನ್ನು ಬೇಲಿಗೆ ಮುಟ್ಟಿಸಬೇಡಿ, ಮೊದಲ ಏಟಿಗೇ ಹೋಗುತ್ತದೆ.

ಕತ್ತಲಲ್ಲಿ ಪೆಟ್ಟಿಗೆ ತೆರೆದಿಟ್ಟು, ಕೈ ದೂರ ಇಟ್ಟುಕೊಂಡು, ಹತ್ತು ನಿಮಿಷ ನೋಡಿ. ಟ್ರಾನ್ಸ್‌ಫಾರ್ಮರಿನ ಅಂಚಿನಲ್ಲಿ ನೇರಳೆ ಮಿಣುಕು ಕಂಡರೆ, ಅಥವಾ ಮಿಕ್ಸಿ ಮೋಟಾರಿನ ಬಳಿ ಬರುವಂಥ ಓಝೋನ್ ವಾಸನೆ ಬಂದರೆ ಅಲ್ಲಿ ಇನ್ಸುಲೇಷನ್ ಸಾಲದು.

ಅರ್ತ್ ಪರೀಕ್ಷೆ ಬೇಲಿ ಎದ್ದ ಮೇಲೆ. ಯಂತ್ರ ಆಫ್ ಮಾಡಿ, 100 ಮೀಟರ್ ಆಚೆ ಕಬ್ಬಿಣದ ಸರಳುಗಳನ್ನು ನೆಲಕ್ಕೆ ನೆಟ್ಟು ತಂತಿಗೆ ಒರಗಿಸಿ, ಆನ್ ಮಾಡಿ. ತಂತಿಯ ವೋಲ್ಟೇಜ್ 2 ಕಿಲೋವೋಲ್ಟ್‌ಗಿಂತ ಕೆಳಗಿಳಿಯುವ ತನಕ ಸರಳು ಹೆಚ್ಚಿಸುತ್ತಾ ಹೋಗಿ. ಈಗ ಟೆಸ್ಟರಿನ ಒಂದು ತುದಿ ಯಂತ್ರದ ಅರ್ತ್ ಸರಳಿಗೆ, ಇನ್ನೊಂದು ತುದಿ ಅಲ್ಲಿಂದ ಮಾರು ದೂರದ ನೆಲಕ್ಕೆ. 300 ವೋಲ್ಟ್ ಮೀರಿದರೆ ಇನ್ನೊಂದು ಸರಳು ಹೊಡೆಯಿರಿ. ಈ ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿ. ಜುಲೈನ ಹಸಿ ನೆಲದಲ್ಲಿ ಯಾವ ಅರ್ತ್ ಆದರೂ ಪಾಸಾಗುತ್ತದೆ.